ಗೋಡೆ ಕೇಳಿಸಿಕೊಂಡ ಯುದ್ಧ

ವಿಚಾರಣೆಯ ವರದಿ ಇರಬಹುದೆಂದು ಕಟ್ಟು ಬಿಚ್ಚಿದರೆ ಒಳಗಿದ್ದದ್ದು ಹರಟೆ! ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕ ಜರ್ಮನ್ ನಾವಿಕರು, ವಿಮಾನ ಚಾಲಕರು, ಕಾಲಾಳುಗಳು ತಮ್ಮತಮ್ಮಲ್ಲೇ ಆಡಿಕೊಂಡ ಮಾತು. ಅಧಿಕಾರಿಯ ಮುಂದೆ ಕೈಕಟ್ಟಿ ನಿಂತು ಹೇಳಿದ್ದಲ್ಲ, ಹೆಂಡತಿಗೆ ಬರೆದ ಕಾಗದವೂ ಅಲ್ಲ. ಒಂದೇ ಕೋಣೆಯಲ್ಲಿ ಕೂಡಿಹಾಕಿದ ಇಬ್ಬರು, ಹೊತ್ತು ಹೋಗದೆ, ಒಬ್ಬರಿಗೊಬ್ಬರು ಕೊಚ್ಚಿಕೊಂಡದ್ದು, ಗೊಣಗಿದ್ದು, ನಕ್ಕಿದ್ದು. ಆ ಮಾತೆಲ್ಲ ಅಚ್ಚುಕಟ್ಟಾಗಿ ಟೈಪಾಗಿ, ಜರ್ಮನ್ ಮೂಲದ ಜೊತೆಗೆ ಇಂಗ್ಲಿಷ್ ಅನುವಾದವನ್ನೂ ಇಟ್ಟುಕೊಂಡು, ಲಂಡನ್ನಿನ ಕ್ಯೂ ಪ್ರದೇಶದ ರಾಷ್ಟ್ರೀಯ ಪತ್ರಾಗಾರದಲ್ಲಿ ಕೂತಿತ್ತು. 1996ರಲ್ಲೇ ಗೋಪ್ಯತೆಯ ಮುದ್ರೆ ತೆಗೆದಿದ್ದರು. ಡಂಗುರ ಸಾರುವವರಿರಲಿಲ್ಲ, ಹಾಗಾಗಿ ಕೇಳಿಕೊಂಡು ಬಂದವರೂ ಹೆಚ್ಚಿಲ್ಲ!

2001ರ ಶರತ್ಕಾಲದಲ್ಲಿ ಈ ಕಡತಗಳ ಮುಂದೆ ಕೂತವರು ಝೋಂಕೆ ನೈಟ್ಸೆಲ್. ವಯಸ್ಸು ಮೂವತ್ಮೂರು. ಹ್ಯಾಂಬರ್ಗಿನಲ್ಲಿ ಹುಟ್ಟಿ, ಮೈನ್ಸ್ ವಿಶ್ವವಿದ್ಯಾಲಯದಲ್ಲಿ ಓದಿದ ಇತಿಹಾಸಕಾರ. ಡಾಕ್ಟರೇಟಿಗೆ ಹಿಡಿದ ವಿಷಯ ಅಟ್ಲಾಂಟಿಕ್ ಮತ್ತು ಉತ್ತರ ಸಮುದ್ರದ ಮೇಲೆ ಜರ್ಮನ್ ವಾಯುಪಡೆಯ ಕಾರ್ಯಾಚರಣೆ. ಅಂದರೆ ವಿಮಾನ, ಜಲಾಂತರ್ಗಾಮಿ, ಟನ್ನುಗಟ್ಟಲೆ ಮುಳುಗಿದ ಹಡಗು. ಸೇನಾ ಇತಿಹಾಸ ಅಂದರೇ ಮೂಗು ಮುರಿಯುವ ಜರ್ಮನ್ ವಿದ್ವತ್ ವಲಯದಲ್ಲಿ ಇಂಥ ವಿಷಯ ಹಿಡಿದು ಮೇಲೆ ಬರುವುದು ಸುಲಭವಲ್ಲ. ಅವರ ಕೈಗೆ ಆಗ ಸಿಕ್ಕಿದ್ದು ಅಮೆರಿಕದ ಮೈಕಲ್ ಗ್ಯಾನನ್ ಬರೆದ, 1943ರ ಮೇ ತಿಂಗಳ ಅಟ್ಲಾಂಟಿಕ್ ಕದನದ ಪುಸ್ತಕ. ಅದರಲ್ಲಿ, ಸೆರೆಸಿಕ್ಕ ಜಲಾಂತರ್ಗಾಮಿ ಸಿಬ್ಬಂದಿಯ ಸಂಭಾಷಣೆಯನ್ನು ಬ್ರಿಟಿಷರು ಕದ್ದು ಕೇಳಿ ದಾಖಲಿಸಿದ್ದರ ಉಲ್ಲೇಖ! ನೋಡೇ ಬಿಡೋಣ ಎಂದು ನೈಟ್ಸೆಲ್ ಹೊರಟರು.

1943ರ ಸೆಪ್ಟೆಂಬರ್ ಒಂದೇ ತಿಂಗಳಿಗೆ ಸುಮಾರು 800 ಪುಟ! ಆ ಕ್ಷಣ ತಲೆಯಲ್ಲಿ ಓಡಿರಬಹುದಾದ ಲೆಕ್ಕವನ್ನು ನಾವೂ ಮಾಡಬಹುದು. ಸೆಪ್ಟೆಂಬರಿಗೆ ಇಷ್ಟಿದ್ದರೆ ಅಕ್ಟೋಬರಿಗೆ? ನವೆಂಬರಿಗೆ? ನಾವಿಕರ ಮಾತು ಇಷ್ಟಿದ್ದರೆ ವಾಯುಪಡೆಯವರದ್ದು, ಭೂಸೇನೆಯವರದ್ದು ಎಷ್ಟಿರಬೇಡ? ಹುಡುಕುತ್ತ ಹೋದಂತೆ ರಾಶಿ ಬೆಳೆಯಿತು. ಬ್ರಿಟನ್ನಿನಲ್ಲೇ ಸುಮಾರು 50,000 ಪುಟ. ಅಷ್ಟಕ್ಕೇ ಮುಗಿಯಿತೆ? ಇಲ್ಲ! ಅಮೆರಿಕದವರೂ ಇದೇ ಕೆಲಸ ಮಾಡಿದ್ದರು. ಅವರ ರಾಷ್ಟ್ರೀಯ ಪತ್ರಾಗಾರದಲ್ಲಿ ಇನ್ನೂ 1,00,000 ಪುಟ! ಬದುಕಿಡೀ ಹುಡುಕಿದರೂ ಒಂದು ಹಿಡಿ ಹೊಸ ಕಾಗದ ಸಿಕ್ಕರೆ ಧನ್ಯ ಎನ್ನುವ ವೃತ್ತಿಯಲ್ಲಿ ಒಬ್ಬ ಮನುಷ್ಯನ ಪಾಲಿಗೆ ಒಂದೂವರೆ ಲಕ್ಷ ಪುಟ.

ಈ ಕಾಗದ ಹುಟ್ಟಿದ ಬಗೆ ಇನ್ನೂ ರೋಚಕ. ಗೋಡೆಗೂ ಕಿವಿಯಿದೆ ಎನ್ನುವ ಗಾದೆಮಾತನ್ನು ಬ್ರಿಟಿಷರು ಇಲಾಖೆಯನ್ನೇ ತೆರೆದು ಜಾರಿಗೆ ತಂದರು! ಯುದ್ಧ ಶುರುವಾದ 1939ರ ಸೆಪ್ಟೆಂಬರಿನಲ್ಲೇ ಲಂಡನ್ ಟವರ್‌ನಲ್ಲಿ ಆರಂಭ. ವರ್ಷದ ಕೊನೆಗೆ ನಗರದ ಉತ್ತರದಂಚಿನ ಟ್ರೆಂಟ್ ಪಾರ್ಕ್ ಬಂಗಲೆಗೆ ವರ್ಗ. 1942ರಿಂದ ಬಕಿಂಗ್‌ಹ್ಯಾಮ್‌ಷೈರಿನ ಲ್ಯಾಟಿಮರ್ ಹೌಸ್ ಮತ್ತು ವಿಲ್ಟನ್ ಪಾರ್ಕ್ ಕೂಡ ಸೇರಿಕೊಂಡವು. ಮೇಲ್ವಿಚಾರಣೆ ಥಾಮಸ್ ಕೆಂಡ್ರಿಕ್ ಎಂಬ ಪಳಗಿದ ಗೂಢಚಾರನದು. ದೀಪದ ಬುಡದಲ್ಲಿ, ಅಗ್ಗಿಷ್ಟಿಕೆಯಲ್ಲಿ, ಗೋಡೆಯೊಳಗೆ ಮೈಕ್ರೋಫೋನು. ತಂತಿ ಹಿಡಿದು ಹೋದರೆ ಒಂದು ಗುಟ್ಟಿನ ಕೋಣೆ. ಅಲ್ಲಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಪಾಳಿಯ ಮೇಲೆ ಕೂತವರು. ಮಾತು ಸ್ವಾರಸ್ಯದ ಕಡೆ ಹೊರಳಿತೋ, ತಕ್ಷಣ ಗ್ರಾಮಫೋನ್ ತಟ್ಟೆಯ ಮೇಲೆ ಮುಳ್ಳು ಇಳಿಸುವುದು! ಆಮೇಲೆ ಅದನ್ನು ಮತ್ತೆಮತ್ತೆ ಕೇಳಿ ಕಾಗದಕ್ಕಿಳಿಸುವುದು. ಎಷ್ಟೋ ಕಡೆ ಮಾತಾಡಿದವನ ಹೆಸರೂ ಇಲ್ಲ. ಒಂದು ಅಕ್ಷರ, ಒಂದು ಸಂಖ್ಯೆ, ಅಷ್ಟೇ.

ಸುಮ್ಮನೆ ಮೈಕು ಇಟ್ಟರೆ ಜನ ಮಾತಾಡುತ್ತಾರೆಯೆ? ಅದಕ್ಕೂ ತಂತ್ರವಿತ್ತು. ಜಲಾಂತರ್ಗಾಮಿಯವನನ್ನು ವಿಮಾನದವನ ಜೊತೆ ಹಾಕುವುದು. ಒಂದೇ ಹಡಗಿನವರಾದರೆ ಗೊತ್ತಿದ್ದದ್ದನ್ನು ಯಾರೂ ವಿವರಿಸುವುದಿಲ್ಲ, ಬೇರೆ ಬೇರೆ ಪಡೆಯವರಾದರೆ ಒಬ್ಬ ಕೇಳುತ್ತಾನೆ, ಇನ್ನೊಬ್ಬ ಎದೆಯುಬ್ಬಿಸಿ ಹೇಳುತ್ತಾನೆ! ನಡುವೆ ಕಾಟಾಚಾರಕ್ಕೊಂದು ವಿಚಾರಣೆ. ಅಧಿಕಾರಿ ಬೇಕೆಂದೇ ಏನೋ ಪೆದ್ದು ಪ್ರಶ್ನೆ ಕೇಳಿ ಕಳಿಸುತ್ತಾನೆ. ಕೈದಿ ಕೋಣೆಗೆ ಮರಳಿದವನೇ, ನಾನು ಅವರಿಗೆ ಇಂಥದ್ದನ್ನು ಹೇಳಲೇ ಇಲ್ಲ ನೋಡು ಎಂದು ಗೆಳೆಯನೆದುರು ಬೀಗುತ್ತ, ಹೇಳದೆ ಉಳಿಸಿದ್ದನ್ನೆಲ್ಲ ವಿವರವಾಗಿ ಹೇಳುತ್ತಾನೆ. ಗೋಡೆ ಕೇಳಿಸಿಕೊಳ್ಳುತ್ತದೆ. ಹೀಗೆ ಬ್ರಿಟಿಷರ ಕೈಗೆ ಬಂದ ಜರ್ಮನ್ ಕೈದಿಗಳು 10,000ಕ್ಕೂ ಹೆಚ್ಚು.

ಹೆಡ್‌ಫೋನಿನ ಹಿಂದೆ ಇದ್ದವರು ಯಾರು ಗೊತ್ತೆ? ಜರ್ಮನ್ ಭಾಷೆಯ ಎಲ್ಲ ಪ್ರಾಂತ್ಯದ ಉಚ್ಚಾರಣೆ, ಬೈಗುಳ, ಸೈನಿಕರ ಪರಿಭಾಷೆ ಹಿಡಿಯಬಲ್ಲ ಕಿವಿ ಬೇಕಿತ್ತು. ಇಂಗ್ಲಿಷರಲ್ಲಿ ಅಂಥವರು ಎಷ್ಟು ಜನ ಸಿಕ್ಕಾರು? ಆದ್ದರಿಂದ ಹಿಟ್ಲರನ ಕಾಟಕ್ಕೆ ಜರ್ಮನಿ, ಆಸ್ಟ್ರಿಯಾ ಬಿಟ್ಟು ಓಡಿಬಂದ ನಿರಾಶ್ರಿತರನ್ನು ಆರಿಸಿದರು, ಅವರಲ್ಲಿ ಬಹಳಷ್ಟು ಮಂದಿ ಯಹೂದಿಗಳು! ತಮ್ಮ ಮನೆಮಂದಿ ಎಲ್ಲಿದ್ದಾರೋ, ಬದುಕಿದ್ದಾರೋ ತಿಳಿಯದ ಹುಡುಗರು, ಹತ್ಯಾಕಾಂಡದ ವಿವರವನ್ನು ಕಂಡವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕಿತ್ತು. ಬರ್ಲಿನ್ನಿನಿಂದ ಬಂದಿದ್ದ ಫ್ರಿಟ್ಸ್ ಲುಸ್ಟಿಗ್ ಅಂಥವರಲ್ಲೊಬ್ಬರು. ಗೋಪ್ಯತೆಯ ಪ್ರಮಾಣಕ್ಕೆ ಕಟ್ಟುಬಿದ್ದು ದಶಕಗಳ ಕಾಲ ಬಾಯಿ ಬಿಡಲಿಲ್ಲ.

ನೈಟ್ಸೆಲ್ ಮೊದಲು ಹಿಡಿದದ್ದು ದೊಡ್ಡವರನ್ನು. ಟ್ರೆಂಟ್ ಪಾರ್ಕಿನಲ್ಲಿ 1942ರ ನಂತರ ಇಟ್ಟಿದ್ದು ಜನರಲ್‌ಗಳನ್ನು, ಅದೂ ರಾಜೋಪಚಾರದಲ್ಲಿ. ಅವರ ಯೋಗಕ್ಷೇಮಕ್ಕೆ ಲಾರ್ಡ್ ಅಬರ್‌ಫೆಲ್ಡಿ ಎಂಬ ಸ್ಕಾಟಿಷ್ ಶ್ರೀಮಂತನನ್ನು ನೇಮಿಸಿದ್ದರು. ಅಂಥ ಲಾರ್ಡ್ ಯಾರೂ ಇರಲೇ ಇಲ್ಲ, ಗುಪ್ತಚರ ಅಧಿಕಾರಿಯೊಬ್ಬ ಹಾಕಿದ ವೇಷ ಅದು! 1943ರ ಮಾರ್ಚ್‌ನಲ್ಲಿ, ಎಲ್ ಅಲಮೇನ್‌ನಲ್ಲಿ ಸೆರೆಸಿಕ್ಕ ಫೋನ್ ಥೋಮಾ ಇನ್ನೊಬ್ಬ ಜನರಲ್ ಎದುರು ರಾಕೆಟ್ಟಿನ ಮಾತೆತ್ತಿದ. ನಾವಿರುವುದು ಲಂಡನ್ನಿನ ಹತ್ತಿರ, ಇನ್ನೂ ಸ್ಫೋಟದ ಸದ್ದೇ ಕೇಳಿಸಿಲ್ಲವಲ್ಲ, ಕೆಲಸ ಎಲ್ಲೋ ತಡವಾಗಿರಬೇಕು ಎಂಬ ಅರ್ಥದಲ್ಲಿ. ಬೇರೆ ಸುಳಿವುಗಳ ಜೊತೆ ಈ ಹರಟೆಯೂ ಸೇರಿ ಬ್ರಿಟಿಷರ ಗುಮಾನಿ ಗಟ್ಟಿಯಾಯಿತು. ಆಗಸ್ಟ್ 17ರ ರಾತ್ರಿ ಪೇನೆಮುಂಡೆಯ ರಾಕೆಟ್ ಕೇಂದ್ರದ ಮೇಲೆ ಸುಮಾರು 600 ಬಾಂಬರ್‌ಗಳು ಎರಗಿದವು.

ಇನ್ನೊಬ್ಬ ಡೀಟ್ರಿಶ್ ಫೋನ್ ಖೋಲ್ಟಿಟ್ಸ್. ಹಿಟ್ಲರನ ಆಜ್ಞೆ ಮೀರಿ ಪ್ಯಾರಿಸ್ ಉಳಿಸಿದ ಪುಣ್ಯಾತ್ಮ ಎಂದು ಯುದ್ಧದ ನಂತರ ಹೆಸರಾದವನು. 1944ರ ಆಗಸ್ಟ್ ಕೊನೆಯಲ್ಲಿ, ಸೆರೆಯಾದ ಕೆಲವೇ ದಿನಕ್ಕೆ, ತಾನು ನೆರವೇರಿಸಿದ ಅತ್ಯಂತ ಕಠಿಣ ಆಜ್ಞೆ ಯಹೂದಿಗಳ ನಿರ್ಮೂಲನ, ಅದನ್ನೂ ಕೊನೆಯವರೆಗೆ ಪಾಲಿಸಿದೆ ಎಂದು ಟ್ರೆಂಟ್ ಪಾರ್ಕಿನಲ್ಲಿ ಜೊತೆಯವನಿಗೆ ಹೇಳಿಕೊಂಡ. ಗೋಡೆ ಬರೆದುಕೊಂಡಿತ್ತು! ಕದ್ದು ಕೇಳುವ ತಂತ್ರ ಬಯಲಾಗಬಾರದೆಂಬ ಕಾರಣಕ್ಕೆ ಈ ಪ್ರತಿಗಳನ್ನು ನ್ಯಾಯಾಲಯದ ಕಟಕಟೆಗೆ ತರಲಿಲ್ಲ. 2005ರಲ್ಲಿ ನೈಟ್ಸೆಲ್ ಪುಸ್ತಕ ಬಂದಾಗ, ತಮಗೇನೂ ಗೊತ್ತಿರಲಿಲ್ಲ ಎಂದು ಆತ್ಮಕತೆ ಬರೆದು ತೀರಿಕೊಂಡಿದ್ದ ಜನರಲ್‌ಗಳ ಮಾತು ಅವರ ಬಾಯಿಂದಲೇ ಸುಳ್ಳಾಯಿತು.

ಆದರೆ ಜನರಲ್‌ಗಳನ್ನು ಆಚೆ ಇಡೋಣ. ನನಗೆ ಉಸಿರು ಕಟ್ಟಿಸುವುದು ಉಳಿದವರು. ಹೆಸರಿಲ್ಲದವರು. ಬೇಕರಿಯ ಮಗ, ಗುಮಾಸ್ತ, ಕಾರ್ಖಾನೆಯ ಹುಡುಗ. ಸಾಮಾನ್ಯ ಸೈನಿಕನ ಮನಸ್ಸು ಇತಿಹಾಸಕಾರನಿಗೆ ಸಿಗುವುದೇ ದುರ್ಲಭ. ನಮ್ಮ ಹಳ್ಳಿಹಳ್ಳಿಯ ವೀರಗಲ್ಲನ್ನೇ ನೋಡಿ: ಸತ್ತವನು ಹೇಗೆ ಕಾದಿದ, ಸ್ವರ್ಗಕ್ಕೆ ಹೇಗೆ ಹೋದ ಎಂದು ಕಲ್ಲು ಹೇಳುತ್ತದೆ, ಹಿಂದಿನ ರಾತ್ರಿ ಏನು ಮಾತಾಡಿದ ಎಂದು ಹೇಳುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದ ಭಾರತೀಯ ಸಿಪಾಯಿಗಳ ಪತ್ರಗಳು ಉಳಿದಿವೆ, ಡೇವಿಡ್ ಒಮಿಸ್ಸಿ ಅವನ್ನು ಆಯ್ದು 1999ರಲ್ಲಿ ಪುಸ್ತಕ ಮಾಡಿದರು. ಉಳಿದದ್ದು ಹೇಗೆ? ಸರ್ಕಾರಿ ಸೆನ್ಸಾರ್ ಅವನ್ನು ಒಡೆದು ಓದಿ, ಅನುವಾದಿಸಿ ಕಡತಕ್ಕೆ ಹಾಕಿದ್ದರಿಂದ! ಅಲ್ಲೂ ಕದ್ದು ಓದಿದವನೇ ಇತಿಹಾಸಕ್ಕೆ ಉಪಕಾರ ಮಾಡಿದ. ಆದರೆ ಪತ್ರ ಒಡೆಯುತ್ತಾರೆ ಎಂದು ಸಿಪಾಯಿಗೆ ಗೊತ್ತಿತ್ತು, ಹುಷಾರಾಗಿ ಬರೆದ. ಟ್ರೆಂಟ್ ಪಾರ್ಕ್, ಲ್ಯಾಟಿಮರ್‌ಗಳ ಬಹುತೇಕ ಕೈದಿಗಳಿಗೆ ಆ ಅರಿವೇ ಇರಲಿಲ್ಲ. ಅಷ್ಟೇ ಅಲ್ಲ, ಯುದ್ಧ ಇನ್ನೂ ನಡೆಯುತ್ತಿತ್ತು. ಯಾರು ಗೆಲ್ಲುತ್ತಾರೆ, ನಾಳೆ ಯಾವುದಕ್ಕೆ ನಾಚಬೇಕಾಗುತ್ತದೆ ಎಂದು ಗೊತ್ತಿಲ್ಲದ ಬಾಯಿಗಳು ಅವು!

ಹಾಗಾದರೆ ಏನು ಮಾತಾಡಿದರು? ಎಂಜಿನ್ನು. ವೇಗ. ಹೊಸ ವಿಮಾನ. ಮುಳುಗಿಸಿದ ಹಡಗುಗಳ ಟನ್ ಲೆಕ್ಕ. ಪದಕ, ಯಾರಿಗೆ ಸಿಕ್ಕಿತು, ಯಾರಿಗೆ ಅನ್ಯಾಯವಾಯಿತು. ಹೆಂಗಸರು. ಸಿದ್ಧಾಂತದ ಚರ್ಚೆ ಕಡಿಮೆ. ಅದರ ನಡುವೆ, ದನಿಯೇ ಏರದೆ, ಕೊಲೆ. ವಿಮಾನದವನೊಬ್ಬ 1939ರ ಪೋಲೆಂಡ್ ದಾಳಿಯನ್ನು ನೆನೆಯುತ್ತಾನೆ. ಎರಡನೇ ದಿನ ಊರಿನ ರೈಲು ನಿಲ್ದಾಣಕ್ಕೆ ಹಾಕಿದ ಬಾಂಬು ಮನೆಗಳ ಮೇಲೆ ಬಿದ್ದಾಗ ಮನಸ್ಸಿಗೆ ಹಿತವಾಗಲಿಲ್ಲವಂತೆ. ಮೂರನೇ ದಿನ ಏನೂ ಅನ್ನಿಸಲಿಲ್ಲ. ನಾಲ್ಕನೇ ದಿನ ಖುಷಿ! ಯುದ್ಧ ಮನುಷ್ಯನನ್ನು ವರ್ಷಗಟ್ಟಲೆ ಕಾಡಿ ಕ್ರೂರಿ ಮಾಡುತ್ತದೆ ಎಂದು ನಾವು ಓದಿಕೊಂಡು ಬಂದಿದ್ದೇವೆ. ಇಲ್ಲಿ ಬೇಕಾದದ್ದು ವಾರವೂ ಅಲ್ಲ. ಈ ಪುಟ ಓದಿದ ಮೇಲೆ ಪುಸ್ತಕ ಮುಚ್ಚಿಟ್ಟು ಎದ್ದು ಓಡಾಡಬೇಕಾಗುತ್ತದೆ. ಬೇರೆ ಪುಟಗಳಲ್ಲಿ ಯಹೂದಿಗಳ ಸಾಮೂಹಿಕ ಹತ್ಯೆಯನ್ನು ನೋಡಲೆಂದೇ ಹೋದ ಸೈನಿಕರಿದ್ದಾರೆ. ಕೆಲವರು ಆಕ್ಷೇಪಿಸುತ್ತಾರೆ ನಿಜ, ಆದರೆ ಎಷ್ಟೋ ಸಲ ಆಕ್ಷೇಪ ಕೊಂದ ರೀತಿಯ ಬಗ್ಗೆ, ಕೊಂದದ್ದರ ಬಗ್ಗೆ ಅಲ್ಲ.

ಇಷ್ಟನ್ನು ಒಬ್ಬನೇ ಹೊರಲಾಗದು ಎಂದು ನೈಟ್ಸೆಲ್‌ಗೂ ಅನ್ನಿಸಿರಬೇಕು. ಸಾಮಾಜಿಕ ಮನಶ್ಶಾಸ್ತ್ರಜ್ಞ ಹರಾಲ್ಡ್ ವೆಲ್ಟ್ಸರ್ ಜೊತೆಯಾದರು. ಸಾಮಾನ್ಯ ಜರ್ಮನ್ ಕುಟುಂಬಗಳು ನಾಜಿ ಕಾಲವನ್ನು ಮಕ್ಕಳು ಮೊಮ್ಮಕ್ಕಳಿಗೆ ಹೇಗೆ ಹೇಳಿಕೊಳ್ಳುತ್ತವೆ ಎಂದು ಅಧ್ಯಯನ ಮಾಡಿದ್ದವರು ಅವರು. 2011ರಲ್ಲಿ ಇಬ್ಬರ ‘ಝೋಲ್ಡಾಟನ್’ ಬಂತು. ಹೆಸರಿನ ಅರ್ಥ ಸೈನಿಕರು ಎಂದಷ್ಟೇ. ಅವರ ವಾದ: ಸೈನಿಕನಿಗೆ ಯುದ್ಧ ಒಂದು ಕೆಲಸ. ಸುತ್ತಲಿನವರು ಯಾವುದನ್ನು ಸರಿ, ಸಹಜ, ಹೆಮ್ಮೆ ಎಂದುಕೊಂಡಿದ್ದಾರೋ ಆ ಚೌಕಟ್ಟಿನೊಳಗೆ ನಿಂತು ಆತ ಮಾಡುತ್ತಾನೆ. ನಾಜಿ ಸಿದ್ಧಾಂತಕ್ಕಿಂತ ಸೇನೆಯ ಮೌಲ್ಯ, ಜೊತೆಗಾರರ ಮೆಚ್ಚುಗೆ ಹೆಚ್ಚು ಎಳೆಯುತ್ತದೆ. ಹಾಗೆಂದು ಬರೆದದ್ದೇ ತಡ, ಸಿದ್ಧಾಂತವನ್ನು ಹಗುರ ಮಾಡಿದಿರಿ ಎಂದು ಕೆಲವು ವಿದ್ವಾಂಸರು ತಿರುಗಿಬಿದ್ದರು. ನನಗೆ ಅವರ ಮಾತಿನಲ್ಲಿ ತೂಕ ಕಾಣುತ್ತದೆ. ಎಲ್ಲರೂ ಒಪ್ಪಿದ್ದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೈಕು ಮಾತನ್ನು ಹಿಡಿಯಿತು, ಮಾತಾಡುವ ಅಗತ್ಯವೇ ಬೀಳದ್ದನ್ನು ಹೇಗೆ ಹಿಡಿದೀತು?

ಈ ಜಗಳಕ್ಕೆ ಹೊಸ ಕಟ್ಟಿಗೆ ಬಂದದ್ದೂ ಅದೇ ಕಾಗದದ ರಾಶಿಯಿಂದ. ವಾಷಿಂಗ್ಟನ್ ಹತ್ತಿರದ ಫೋರ್ಟ್ ಹಂಟ್‌ನಲ್ಲಿ ಅಮೆರಿಕದವರು 3,000ಕ್ಕೂ ಹೆಚ್ಚು ಜರ್ಮನ್ನರ ಮಾತು ಕದ್ದು ಕೇಳಿದ್ದರು. ಬ್ರಿಟಿಷರು ಸಂಖ್ಯೆ ಬರೆದು ಸುಮ್ಮನಾದ ಕಡೆ ಇವರು ಕೈದಿಯ ಹುಟ್ಟೂರು, ವೃತ್ತಿ, ಸೇನೆಯ ಚರಿತ್ರೆ ಎಲ್ಲವನ್ನೂ ಬರೆದಿಟ್ಟಿದ್ದರು! ಇದೇ ಸಂಶೋಧನೆಯ ತಂಡದಲ್ಲಿದ್ದ ಫೆಲಿಕ್ಸ್ ರೋಮರ್ ಆ ವಿವರಗಳನ್ನು ಮಾತಿಗೆ ಜೋಡಿಸಿ, ಯಾರು ಹೇಗೆ ಯೋಚಿಸಿದರು ಎಂದು ಒಬ್ಬೊಬ್ಬನನ್ನೇ ಹಿಡಿದು ನೋಡಿ, 2012ರಲ್ಲಿ ತಮ್ಮದೇ ಪುಸ್ತಕ ಬರೆದರು.

ನೈಟ್ಸೆಲ್ ಅಷ್ಟರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯ, ಅಲ್ಲಿಂದ 2012ರಲ್ಲಿ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್ ಎಂದು ಪೀಠದಿಂದ ಪೀಠಕ್ಕೆ ಏರಿದ್ದರು. 2015ರಲ್ಲಿ ಜರ್ಮನಿಗೆ ಮರಳಿ ಪೋಟ್ಸ್‌ಡಾಮ್‌ನಲ್ಲಿ ಸೇನಾ ಇತಿಹಾಸ ಮತ್ತು ಹಿಂಸೆಯ ಸಾಂಸ್ಕೃತಿಕ ಇತಿಹಾಸದ ಪ್ರಾಧ್ಯಾಪಕರಾದರು. ಪೀಠದ ಹೆಸರನ್ನು ಇನ್ನೊಮ್ಮೆ ಓದಿ, ವಿಮಾನಗಳ ಲೆಕ್ಕದಿಂದ ಶುರುವಾದ ವೃತ್ತಿ ಎಲ್ಲಿಗೆ ಬಂದು ನಿಂತಿತು! 2020ರ ‘ಡಾಯ್ಚ ಕ್ರೀಗರ್’ನಲ್ಲಿ ಅವರು ಕೈಸರನ ಕಾಲದಿಂದ ಅಫ್ಘಾನಿಸ್ತಾನಕ್ಕೆ ಹೋದ ಇಂದಿನ ಜರ್ಮನ್ ಸೇನೆಯವರೆಗೆ ಒಂದೇ ಎಳೆ ಎಳೆದಿದ್ದಾರೆ. ಪ್ಯಾರಾಟ್ರೂಪರ್ ದಳದವನೊಬ್ಬನಿಗೆ, ಟ್ಯಾಂಕ್ ದಳದವನೊಬ್ಬನಿಗೆ ತನ್ನ ತುಕಡಿಯೇ ಒಂದು ಬುಡಕಟ್ಟು, ಅದರ ರೀತಿನೀತಿ ಸರ್ಕಾರ ಬದಲಾದರೂ ಸಂವಿಧಾನ ಬದಲಾದರೂ ಪೂರ್ತಿ ಬದಲಾಗುವುದಿಲ್ಲ ಎನ್ನುತ್ತಾರೆ. ಹಿಟ್ಲರನ ಸೇನೆಗೂ ನಮಗೂ ಸಂಬಂಧವಿಲ್ಲ ಎಂದೇ ತನ್ನ ಗುರುತನ್ನು ಕಟ್ಟಿಕೊಂಡ ಸೇನೆಯ ಬಗ್ಗೆ ಹೀಗೆ ಹೇಳುವುದೆಂದರೆ! ವಿಮರ್ಶಕರು ಸುಮ್ಮನಿರಲಿಲ್ಲ, ನೈಟ್ಸೆಲ್ ಕೂಡ ಹಿಂದೆ ಸರಿಯಲಿಲ್ಲ.