ಟಪ್ಪೆಂದು ಮುಚ್ಚುವ ಯಂತ್ರ

ಸ್ಮಾರ್ಟ್‌ಫೋನನ್ನು ಬೀರುವಿಗೆ ಸೇರಿಸಿ ಅಂಗೈಯೊಳಗೆ ಹಿಡಿಯುವ ಮಡಚುವ ಫೋನ್ ಕೊಂಡು ಮೂರು ವಾರವಾಗಿತ್ತಷ್ಟೆ, ಅದು ತಕರಾರು ತೆಗೆಯಿತು. ತೆರೆದಿಟ್ಟರೂ ಒಮ್ಮೊಮ್ಮೆ ಪರದೆ ಕಪ್ಪು. ಗುಂಡಿ ಒತ್ತಿದರೆ ಉಸಿರಿಲ್ಲ. ರಿಪೇರಿ ಅಂಗಡಿಗೆ ಒಯ್ದೆ. ಅಲ್ಲಿನ ಹುಡುಗ ಕೈಗೆತ್ತಿಕೊಂಡ, ಫೋನ್ ಬೆಳಗಿತು. ನನ್ನ ವ್ಯಾನಿಟಿ ಬ್ಯಾಗಿನ ಮೇಲೆ ವಾಪಸ್ ಇಟ್ಟ, ಕಪ್ಪಾಯಿತು. ಮತ್ತೆರಡು ಸಲ ಎತ್ತಿ ಇಟ್ಟು ನೋಡಿ ನಕ್ಕುಬಿಟ್ಟ. "ಫೋನ್ ಸರಿಯಾಗೇ ಇದೆ ಮೇಡಂ, ನಿಮ್ಮ ಬ್ಯಾಗಿಂದೇ ತೊಂದರೆ." ಬ್ಯಾಗಿನ ಬಾಯಿಗಿದ್ದದ್ದು ಅಯಸ್ಕಾಂತದ ಗುಂಡಿ.

ತನ್ನನ್ನು ಮಡಚಿದ್ದಾರೆ ಎಂಬುದು ಇಂಥ ಬಹುತೇಕ ಫೋನ್‌ಗಳಿಗೆ ಗೊತ್ತಾಗುವುದೇ ಅಯಸ್ಕಾಂತದಿಂದ. ಮೇಲಿನ ಮುಚ್ಚಳದಲ್ಲಿ ಬೇಳೆ ಕಾಳಿನಷ್ಟು ಅಯಸ್ಕಾಂತ, ಕೆಳಗಿನ ಅರ್ಧದಲ್ಲಿ ಎಳ್ಳಿಗಿಂತ ಸ್ವಲ್ಪ ದೊಡ್ಡದಾದ ಚಿಪ್. ಚಿಪ್ಪಿನೊಳಗೆ ಒಂದಿಷ್ಟು ವಿದ್ಯುತ್ ಕಾಲುವೆಯ ನೀರಿನಂತೆ ನೆಟ್ಟಗೆ ಹರಿಯುತ್ತದೆ. ಅಯಸ್ಕಾಂತ ಹತ್ತಿರ ಬಂದರೆ ಹರಿವು ಒಂದು ದಡಕ್ಕೆ ಒತ್ತುತ್ತದೆ, ಎರಡು ದಡಗಳ ನಡುವೆ ಚೂರೇ ಚೂರು ವೋಲ್ಟೇಜ್ ಹುಟ್ಟುತ್ತದೆ. ಅಷ್ಟು ಸಾಕು: ಮುಚ್ಚಳ ಬಂತು ಎಂದು ತಿಳಿದು ಫೋನ್ ಪರದೆ ಆರಿಸುತ್ತದೆ, ಮಾತು ನಡೆದಿದ್ದರೆ ಕರೆ ಕಡಿಯುತ್ತದೆ. ಹರಿವು ಹೀಗೆ ದಡಕ್ಕೆ ಒತ್ತುವುದನ್ನು 1879ರಲ್ಲಿ ಕಂಡವನು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಎಡ್ವಿನ್ ಹಾಲ್. ಗಾಜಿಗೆ ಅಂಟಿಸಿದ ಚಿನ್ನದ ರೇಕಿನಲ್ಲಿ ವಿದ್ಯುತ್ ಹರಿಸಿ ನೋಡಿದ; ಮೈಸೂರು ಶೈಲಿಯ ಚಿತ್ರಕಾರರು ದೇವರ ಕಿರೀಟಕ್ಕೆ ಹಚ್ಚುವಂಥದೇ ರೇಕು. ಎಲೆಕ್ಟ್ರಾನ್ ಎಂಬುದೊಂದಿದೆ ಎಂದು ಜೆ.ಜೆ. ಥಾಮ್ಸನ್ ತೋರಿಸಿದ್ದು 1897ರಲ್ಲಿ. ದಡಕ್ಕೆ ಒತ್ತುತ್ತಿರುವುದು ಏನು ಎಂದೇ ಗೊತ್ತಿಲ್ಲದ ಕಾಲದಲ್ಲಿ ಹಾಲ್ ಅದರ ಒತ್ತಡವನ್ನು ಅಳೆದಿದ್ದ.

ಅಷ್ಟಕ್ಕೂ ಫೋನನ್ನು ಮಡಚುವ ಯೋಚನೆ ಯಾಕೆ ಬಂತು? ಕಿವಿಯಿಂದ ಬಾಯಿಗೆ ಮುಕ್ಕಾಲು ಗೇಣು ದೂರ, ಅಂಗಿಯ ಜೇಬಿನ ಆಳ ಅದಕ್ಕಿಂತ ಕಡಿಮೆ. ಮಾತಾಡುವಾಗ ಉದ್ದ ಬೇಕು, ಇಟ್ಟುಕೊಳ್ಳುವಾಗ ಗಿಡ್ಡ ಇರಬೇಕು. 1996ರ ಮೊಟೊರೊಲಾ ಸ್ಟಾರ್‌ಟ್ಯಾಕ್ ಈ ಜಗಳವನ್ನು ನಡುವೆ ಕೀಲಿಟ್ಟು ಬಗೆಹರಿಸಿತು. ತೂಕ 88 ಗ್ರಾಂ. ಇಂದಿನ ದೊಡ್ಡ ಫೋನ್‌ಗಳಲ್ಲಿ 200 ಗ್ರಾಂ ದಾಟಿದವು ಬೇಕಾದಷ್ಟಿವೆ.

ಹಳೆಯ ಮಡಚುವ ಫೋನೊಂದರ ಕೀಲನ್ನು ರಿಪೇರಿ ಅಂಗಡಿಯ ಹುಡುಗ ಬಿಚ್ಚಿ ತೋರಿಸಿದ. ಪೆನ್ನಿನ ಕ್ಯಾಪಿಗಿಂತ ಚಿಕ್ಕ ಲೋಹದ ಕೊಳವೆ, ಒಳಗೊಂದು ಗಟ್ಟಿ ಸ್ಪ್ರಿಂಗು, ಎದುರುಬದುರಾಗಿ ಎರಡು ಬಿಲ್ಲೆ. ಒಂದರ ಮುಖದಲ್ಲಿ ದಿಬ್ಬ ಮತ್ತು ತಗ್ಗು, ಇನ್ನೊಂದರಲ್ಲಿ ಒಂದು ಮೂಗು. ಸ್ಪ್ರಿಂಗು ಮೂಗನ್ನು ಸದಾ ಅದುಮಿ ಹಿಡಿದಿರುತ್ತದೆ. ಮೂಗು ಒಂದು ತಗ್ಗಿನಲ್ಲಿ ಕೂತಿದ್ದರೆ ಫೋನ್ ಮುಚ್ಚಿದೆ. ಹೆಬ್ಬೆರಳಿನಿಂದ ಮುಚ್ಚಳ ಎತ್ತಿದಂತೆ ಮೂಗು ದಿಬ್ಬ ಹತ್ತುತ್ತದೆ, ಸ್ಪ್ರಿಂಗು ಕುಗ್ಗುತ್ತದೆ. ಬೆರಳಿನ ಶಕ್ತಿ ಅಲ್ಲಿ ಜಮೆಯಾಗುತ್ತದೆ. ದಿಬ್ಬದ ನೆತ್ತಿ ದಾಟಿತೋ, ಸ್ಪ್ರಿಂಗು ಜಮೆಯನ್ನೆಲ್ಲ ಒಮ್ಮೆಗೇ ವಾಪಸು ಕೊಡುತ್ತದೆ. ಮೂಗು ಆಚೆಯ ಇಳಿಜಾರಿನಲ್ಲಿ ಜಾರಿ ಇನ್ನೊಂದು ತಗ್ಗಿಗೆ ಬೀಳುತ್ತದೆ. ಟಪ್. ಗೋಡೆಯ ದೀಪದ ಸ್ವಿಚ್ಚಿನಲ್ಲಿಯೂ ಇದೇ ನ್ಯಾಯ, ಅರ್ಧ ಹಾಕಿದ ಸ್ವಿಚ್ಚೆಂಬುದಿಲ್ಲ.

ಕೀಲಿನ ಪಕ್ಕದಲ್ಲೇ ಹಾದುಹೋಗುತ್ತದೆ ಕಂದುಹಳದಿ ಪ್ಲಾಸ್ಟಿಕ್ಕಿನ ತೆಳು ಪಟ್ಟಿ, ಅಂಗಡಿಯವರ ಬಾಯಲ್ಲಿ ಸ್ಟ್ರಿಪ್. ಕೂದಲಿಗಿಂತ ತೆಳುವಾದ ತಾಮ್ರದ ಗೆರೆಗಳು ಪರದೆಗೆ ಸುದ್ದಿ ಒಯ್ಯುವುದು ಇದರಲ್ಲೇ. ತಂತಿಯನ್ನು ಒಂದೇ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಬಗ್ಗಿಸಿದರೆ ಪಟ್ಟನೆ ಮುರಿಯುತ್ತದಲ್ಲ, ಅದಕ್ಕೇ ಈ ಪಟ್ಟಿಯನ್ನು ಕೀಲಿನೊಳಗೆ ಸುರುಳಿ ಸುತ್ತಿ ಕೂರಿಸಿರುತ್ತಾರೆ. ಬಾಗು ಒಂದು ಕಡೆ ಬೀಳದೆ ಸುರುಳಿಯ ಉದ್ದಕ್ಕೂ ಹಂಚಿಹೋಗುತ್ತದೆ. ಹಳೆಯ ಮಡಚುವ ಫೋನ್ ಸತ್ತರೆ ಮೊದಲ ಅನುಮಾನ ಈ ಸ್ಟ್ರಿಪ್ಪಿನ ಮೇಲೇ.

ಚಾರ್ಜಿನ ಸುಖವನ್ನೂ ಹೇಳಬೇಕು. ನನ್ನದು ನಾಲ್ಕು ದಿನ ಬರುತ್ತದೆ, ಬ್ಯಾಟರಿ ಮಾತ್ರ ಸ್ಮಾರ್ಟ್‌ಫೋನಿನದರ ಮೂರನೇ ಒಂದು ಪಾಲಿಗೂ ಕಡಿಮೆ. 2.8 ಇಂಚಿನ ಪರದೆಗಿಂತ 6.7 ಇಂಚಿನದು ವಿಸ್ತೀರ್ಣದಲ್ಲಿ ನಾಲ್ಕು ಪಟ್ಟಿಗೂ ದೊಡ್ಡದು, ಬೆಳಗಲು ಚಾರ್ಜೂ ಹೆಚ್ಚು ಬೇಕು. ಮುಚ್ಚಿಟ್ಟ ಫೋನೋ, ಬಸ್ಸಿನಲ್ಲಿ ತೂಕಡಿಸುವ ಪ್ರಯಾಣಿಕನ ಹಾಗೆ: ಒಂದೆರಡು ಸೆಕೆಂಡಿಗೊಮ್ಮೆ ಕಿವಿ ತೆರೆದು, ಟವರ್ ಕೂಗಿದ್ದು ತನ್ನ ಹೆಸರಲ್ಲ ಎಂದಾದರೆ ಮತ್ತೆ ನಿದ್ದೆ.

ಕಷ್ಟ ಶುರುವಾದದ್ದು ಕನ್ನಡದಲ್ಲಿ ಸಂದೇಶ ಬರೆಯಲು ಕೂತಾಗ. ಕ ವರ್ಗದ ಐದಕ್ಕೂ ಒಂದೇ ಗುಂಡಿ. 'ಘ' ಬೇಕಿದ್ದರೆ ನಾಲ್ಕು ಸಲ ಒತ್ತಬೇಕು. ಶಾಲೆಯಲ್ಲಿ ವರ್ಗಾಕ್ಷರ ಬಾಯಿಪಾಠ ಮಾಡಿಸಿದ್ದು ಇಷ್ಟು ವರ್ಷಕ್ಕೆ ಕೆಲಸಕ್ಕೆ ಬಂತು. ಜಾಗದ ಲೆಕ್ಕ ಇನ್ನೂ ಬಿಗಿ. ಒಂದು ಎಸ್ಸೆಮ್ಮೆಸ್ಸಿನ ಹೊಟ್ಟೆ 140 ಬೈಟ್, ಅಂದರೆ 1120 ಬಿಟ್. ಇಂಗ್ಲಿಷಿನ ಅಕ್ಷರಕ್ಕೆ 7 ಬಿಟ್ ಸಾಕಾದ್ದರಿಂದ 160 ಹಿಡಿಸುತ್ತವೆ. ಕನ್ನಡದ ಪ್ರತಿ ಚಿಹ್ನೆಗೆ 16 ಬಿಟ್, ಹಾಗಾಗಿ 70 ಮಾತ್ರ. ಒತ್ತು, ಅಕ್ಷರವನ್ನು ಅರ್ಧ ಮಾಡುವ ವಿರಾಮ, ದೀರ್ಘ ಎಲ್ಲಕ್ಕೂ ಪ್ರತ್ಯೇಕ ಲೆಕ್ಕ ಬೇರೆ. 'ಸ್ತ್ರೀ' ನಮ್ಮ ಕಣ್ಣಿಗೆ ಒಂದಕ್ಷರ, ಫೋನಿಗೆ ಆರು: ಸ, ವಿರಾಮ, ತ, ವಿರಾಮ, ರ, ದೀರ್ಘ ಈ. ಹನ್ನೊಂದು ಸಲ 'ಸ್ತ್ರೀ' ಎಂದು ಬರೆದರೆ ಹನ್ನೆರಡನೆಯದಕ್ಕೆ ಜಾಗವಿಲ್ಲ. ಮದುವೆ ಮನೆಯ ವಿಳಾಸ ಕಳಿಸಿದರೆ ಮೂರು ಸಂದೇಶದ ದುಡ್ಡು ಹೋಗುತ್ತದೆ.

ಅಂಗಡಿಯ ಕ್ಯೂಆರ್ ಕೋಡಿನ ಮುಂದೆಯೂ ಈ ಫೋನ್ ಪೆಚ್ಚು ಮೋರೆ ಹಾಕುತ್ತದೆ. ಇಂಥ ಫೋನ್‌ಗಳಿಗೆಂದೇ 2022ರ ಮಾರ್ಚಿನಲ್ಲಿ ಯುಪಿಐ 123ಪೇ ಬಂದಿದೆ, ಕರೆ ಮಾಡಿ ದುಡ್ಡು ಕಳಿಸಬಹುದು; ಆದರೆ ಕಾಫಿಯ ಹದಿನೈದು ರೂಪಾಯಿಗೆ ಅಷ್ಟು ಹೊತ್ತು ಕೌಂಟರಿನಲ್ಲಿ ನಿಂತರೆ ಹಿಂದಿನವರು ಬೈಯುತ್ತಾರೆ. ಚಿಲ್ಲರೆ ಇಟ್ಟುಕೊಂಡಿದ್ದೇನೆ.

ಇದನ್ನು ಕೊಂಡದ್ದರ ಗುಟ್ಟಿನ ಕಾರಣ, ಕೋಪ ಬಂದಾಗ ಹಳೆಯ ಲ್ಯಾಂಡ್‌ಲೈನಿನ ರಿಸೀವರ್ ಕುಕ್ಕುವ ಸುಖ ಮತ್ತೆ ಸಿಗುತ್ತದೆಂಬುದು. ಕಳೆದ ವಾರ ಆಸ್ತಿ ಮಾತಿನಲ್ಲಿ ತಮ್ಮನ ಮೇಲೆ ರೇಗಿ, ಮಾತಿನ ನಡುವೆಯೇ ಟಪ್ಪೆಂದು ಮುಚ್ಚಿದೆ. ಅಯಸ್ಕಾಂತದ ಜಾಣತನ ಆಗ ತಿಳಿಯಿತು. ಮುಚ್ಚಳ ಪೂರ್ತಿ ಕೂರುವ ಮೊದಲೇ ಅದು ಚಿಪ್ಪಿಗೆ ಸುದ್ದಿ ಮುಟ್ಟಿಸಿ ಕರೆ ಕಡಿದಿತ್ತು. ಆ ಸದ್ದು ಕೇಳಿದ್ದು ನನಗೊಬ್ಬಳಿಗೇ. ಎರಡು ನಿಮಿಷಕ್ಕೆ ಅವನದೇ ಫೋನು.

"ಅಕ್ಕಾ, ಸಿಗ್ನಲ್ ಹೋಯ್ತು ನೋಡು. ಹೂಂ, ಏನೋ ಹೇಳ್ತಿದ್ದೆಯಲ್ಲ?"