ದುಡಿಯುವ ನಾಯಿಗೆ ಕಾನೂನಿನ ಕಾವಲು

ಕಣ್ಣು ಕಾಣದವರನ್ನು ದಾರಿಯಲ್ಲಿ ನಡೆಸಲು ಪಳಗಿಸಿದ್ದು ಮಾರ್ಗದರ್ಶಿ ನಾಯಿ. ಕಿವಿ ಕೇಳದವರಿಗೆ ಸದ್ದಿನ ಸುಳಿವು ಕೊಡುವ, ಗಾಲಿಕುರ್ಚಿಯಲ್ಲಿರುವವರಿಗೆ ಬಿದ್ದ ವಸ್ತು ಎತ್ತಿಕೊಡುವ ನಾಯಿಗಳೆಲ್ಲ ಸೇರಿ ಸೇವಾ ನಾಯಿಗಳು. ಭಾರತದಲ್ಲಿ ಇವು ತೀರಾ ವಿರಳ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ದಿನವೂ ಕಾಣುವ ದುಡಿಯುವ ನಾಯಿ ಎಂದರೆ ಕುರಿಗಾಹಿಯದು: ಹಗಲು ಹಿಂಡಿನ ಜೊತೆ ನಡೆದು, ರಾತ್ರಿ ರೊಪ್ಪದ ಬಳಿ ಮಲಗಿ ಕಾಯುವಂಥದ್ದು. ಇಂಥ ನಾಯಿಯ ಮೇಲೆ ಮತ್ತೊಂದು ನಾಯಿ ಎರಗಿದರೆ ಕಾನೂನು ಎಷ್ಟು ದೂರ ಬರುತ್ತದೆ?

ಮಾರ್ಗದರ್ಶಿ ನಾಯಿಯ ಬೆನ್ನಿನ ಪಟ್ಟಿಗೆ ಬಿಗಿಯಾದ ಹಿಡಿಕೆ ಇರುತ್ತದೆ. ಮೆಟ್ಟಿಲು ಬಂದಾಗ ನಾಯಿ ನಿಂತದ್ದು ಹಿಡಿಕೆಯ ಮೂಲಕ ಅಂಗೈಗೆ ತಿಳಿಯುತ್ತದೆ. ವಾಹನ ಬರುತ್ತಿದ್ದರೆ ‘ನಡೆ’ ಎಂದರೂ ಅದು ನಡೆಯದು. ಮಾತು ಮೀರಬೇಕಾದ ಹೊತ್ತನ್ನೂ ಕಲಿಸುವುದು ಈ ತರಬೇತಿಯ ಅತಿ ಸೊಗಸಾದ ಭಾಗ. ಇಂಥ ನಾಯಿ ಒಮ್ಮೆ ಕಚ್ಚಿಸಿಕೊಂಡರೆ ಗಾಯ ಮಾಗಿದರೂ ಅಂಜಿಕೆ ಉಳಿಯಬಹುದು. ಗಮನವೆಲ್ಲ ಬೇರೆ ನಾಯಿಗಳತ್ತ ಹೊರಳಿದರೆ ಅದು ಕೆಲಸಕ್ಕೆ ಒದಗುವುದಿಲ್ಲ. ಸುಮಾರು ಎರಡು ವರ್ಷದ ಸಾಕಣೆ, ತರಬೇತಿ ಮಣ್ಣುಪಾಲು.

‘ನಾಯಿ ನಾಯಿ ಕಚ್ಚಾಡಿದರೆ ಕೇಸೆಲ್ಲಿಯದು?’ ಎಂಬುದು ಸಾಮಾನ್ಯ ನಂಬಿಕೆ. ಅದು ಅರ್ಧ ಮಾತ್ರ ನಿಜ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ, ಕೇಡು ಮಾಡುವ ಮೂಲಕ ಯಾವುದೇ ಪ್ರಾಣಿಯನ್ನು ಕೊಂದರೆ, ಊನಗೊಳಿಸಿದರೆ, ಕೆಲಸಕ್ಕೆ ಬಾರದಂತೆ ಮಾಡಿದರೆ 5 ವರ್ಷದವರೆಗೆ ಸೆರೆ ಅಥವಾ ದಂಡ ಅಥವಾ ಎರಡೂ ಉಂಟು. ಹಳೆಯ ದಂಡ ಸಂಹಿತೆಯ 428, 429ನೇ ಕಲಂಗಳು ಪ್ರಾಣಿಯ ಬೆಲೆಯನ್ನು 10, 50 ರೂಪಾಯಿಗಳಲ್ಲಿ ಅಳೆಯುತ್ತಿದ್ದವು. ಆ ಅಳತೆ ಈಗಿಲ್ಲ. ಹಟ್ಟಿಯ ನಾಟಿ ನಾಯಿಗೂ ಪಳಗಿದ ಮಾರ್ಗದರ್ಶಿಗೂ ಇಲ್ಲಿ ಒಂದೇ ಸ್ಥಾನ.

ಜನ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಈ ಕಲಮಿಗೆ ಉದ್ದೇಶ ಬೇಕು, ಇಲ್ಲವೇ ಹಾನಿಯಾದೀತೆಂಬ ಅರಿವು ಬೇಕು. ತನ್ನ ನಾಯಿಯನ್ನು ಛೂ ಬಿಟ್ಟವನು ಸಿಕ್ಕಿಬೀಳುತ್ತಾನೆ; ಬರಿಯ ಅಜಾಗರೂಕತೆಯಿಂದ ಹಗ್ಗ ಕೈಜಾರಿಸಿದವನು ಬೀಳುವುದಿಲ್ಲ. ಅಜಾಗರೂಕತೆಗೆ 291ನೇ ಕಲಂ ಇದೆ: 6 ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಆದರೆ ಅದು ನೋಡುವುದು ಮನುಷ್ಯನ ಜೀವಕ್ಕೆ ಒದಗುವ ಅಪಾಯವನ್ನು, ಇಲ್ಲವೇ ತೀವ್ರ ಗಾಯದ ಸಂಭವವನ್ನು, ಕಚ್ಚಿಸಿಕೊಂಡ ನಾಯಿಯನ್ನಲ್ಲ. ಹಿಡಿಕೆ ಹಿಡಿದು ರಸ್ತೆ ದಾಟುತ್ತಿರುವವರ ನಾಯಿಯ ಮೇಲೆ ದಾಳಿಯಾದರೆ ಅವರೂ ಬೀಳಬಹುದು, ಆದ್ದರಿಂದ ಈ ಕಲಂ ಅನ್ವಯಿಸುತ್ತದೆಂದು ವಾದಿಸಬಹುದು. ಕಾವಲಿನಲ್ಲಿ ಒಂಟಿಯಾಗಿ ಕಚ್ಚಿಸಿಕೊಂಡ ಕುರಿನಾಯಿಗೆ ಆ ದಾರಿಯಿಲ್ಲ. ಅದರ ಯಜಮಾನನಿಗೆ ಉಳಿಯುವುದು ಸಿವಿಲ್ ನ್ಯಾಯಾಲಯದಲ್ಲಿ ಪರಿಹಾರ ಕೇಳುವ ಹಾದಿ. ಅಲ್ಲಿ ಪಶುವೈದ್ಯರ ಪ್ರಮಾಣಪತ್ರ, ಖರ್ಚಿನ ರಸೀದಿ, ಕಂಡವರ ಸಾಕ್ಷಿ ಮುಖ್ಯ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 92ನೇ ಕಲಂ ಇನ್ನೊಂದು ಬಾಗಿಲು. ವಿಕಲಚೇತನರ ಸಹಾಯಕ ಸಾಧನಕ್ಕೆ ಬೇಕೆಂದೇ ಹಾನಿ ಮಾಡಿದರೆ 6 ತಿಂಗಳಿಂದ 5 ವರ್ಷದವರೆಗೆ ಸೆರೆ ಮತ್ತು ದಂಡ. ಜೀವವಿರುವ ನಾಯಿ ‘ಸಾಧನ’ವೇ ಎಂಬುದನ್ನು ಕಾಯ್ದೆ ಬಿಡಿಸಿ ಹೇಳುವುದಿಲ್ಲ.

ಅಜಾಗರೂಕತೆಯಿಂದ ನಾಯಿಗಾಗುವ ಹಾನಿಯನ್ನು ಬಿಟ್ಟುಬಿಡುವ ಈ ಬಿರುಕನ್ನು ಸಹಾಯಕ ನಾಯಿಗಳ ಮಟ್ಟಿಗೆ ಇಂಗ್ಲೆಂಡ್ ಮತ್ತು ವೇಲ್ಸ್ ಮುಚ್ಚಿದ ರೀತಿ ಅನುಕರಣೀಯ. ಅಲ್ಲಿನ 1991ರ ಅಪಾಯಕಾರಿ ನಾಯಿಗಳ ಕಾಯ್ದೆ ಮೊದಲು ಮನುಷ್ಯರಿಗಾಗುವ ಗಾಯವನ್ನಷ್ಟೇ ಎಣಿಸುತ್ತಿತ್ತು. 2014ರ ತಿದ್ದುಪಡಿ ಅದರ ಪಕ್ಕದಲ್ಲಿ ಸಹಾಯಕ ನಾಯಿಯನ್ನೂ ಸೇರಿಸಿತು. ಸಹಾಯಕ ನಾಯಿಗೆ ಗಾಯವಾದರೆ ದಾಳಿ ಮಾಡಿದ ನಾಯಿಯ ಹೊಣೆ ಹೊತ್ತವರಿಗೆ 3 ವರ್ಷದವರೆಗೆ ಸೆರೆಯಾಗಬಹುದು. ಗಾಯವಾದೀತೆಂಬ ಸಕಾರಣ ಭಯ ಹುಟ್ಟಿಸಿದರೂ ಅಪರಾಧವೇ.

ಬೀದಿನಾಯಿಗೆ ಯಜಮಾನನಿಲ್ಲ, ಆದ್ದರಿಂದ ಶಿಕ್ಷೆಯ ಮಾತು ಅಲ್ಲಿ ನಡೆಯದು, ತಡೆಯುವುದೇ ರಕ್ಷಣೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಡಿ ಸಂತಾನಹರಣ ಚಿಕಿತ್ಸೆ, ರೇಬೀಸ್ ಲಸಿಕೆ ಸ್ಥಳೀಯ ಸಂಸ್ಥೆಯ ಹೊಣೆ: ಚಳ್ಳಕೆರೆಯಲ್ಲಿ ನಗರಸಭೆ, ಮೊಳಕಾಲ್ಮೂರಿನಲ್ಲಿ ಪಟ್ಟಣ ಪಂಚಾಯಿತಿ, ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ.

ಒಟ್ಟಿನಲ್ಲಿ, ಬೇಕೆಂದೇ ಮಾಡಿದ ಹಾನಿಗೆ ಕಾನೂನಿದೆ. ಅಜಾಗರೂಕತೆಯಿಂದ ನಾಯಿಗಾದ ಹಾನಿಗೆ ದಂಡನೆಯ ಕಾನೂನು ಸಾಲದು. ಕಾನೂನು ವಿದ್ಯಾರ್ಥಿಗಳು 291, 325 ಮತ್ತು 92ನೇ ಕಲಂಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಬೇಕು. ಕುರಿಹಟ್ಟಿಗಳಿಗೂ ಅಂಧರ ಶಾಲೆಗಳಿಗೂ ಹೋಗಿ ದುಡಿಯುವ ನಾಯಿಗಳ ಕಷ್ಟವನ್ನು ಬರೆದಿಡಬೇಕು. ತಿದ್ದುಪಡಿ ಕೇಳಲು ಬೇಕಾದ ಆಧಾರ ಅಂಥ ಅಧ್ಯಯನದಿಂದಲೇ ಸಿಗಬೇಕು.