ಶಿಶ್ನದ ಗಾತ್ರ

ಶಿಶ್ನದ ಗಾತ್ರ ಎಂದರೆ ಪುರುಷ ಜನನಾಂಗದ ಉದ್ದ ಮತ್ತು ಸುತ್ತಳತೆ. ಇದು ವ್ಯಕ್ತಿಯಿಂದ ವ್ಯಕ್ತಿಗೆ ಭಿನ್ನವಾಗಿರುತ್ತದೆ. ಉದ್ದವನ್ನು ಸಾಮಾನ್ಯವಾಗಿ ಅಂಗದ ಮೇಲ್ಭಾಗದಲ್ಲಿ, ಬುಡದಿಂದ ತುದಿಯವರೆಗೆ ಅಳೆಯಲಾಗುತ್ತದೆ. ಸ್ಥೂಲಕಾಯದವರಲ್ಲಿ ಕೊಬ್ಬಿನ ಪದರವು ಬುಡವನ್ನು ಮುಚ್ಚುವುದರಿಂದ ಅಂಗವು ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ.

ಸರಾಸರಿ ಅಳತೆ

2015ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಆರೋಗ್ಯ ವೃತ್ತಿನಿರತರು ಅಳತೆ ಮಾಡಿದ 15,521 ಪುರುಷರ ಮಾಹಿತಿಯನ್ನು ಒಟ್ಟುಗೂಡಿಸಿತು. ಅದರ ಪ್ರಕಾರ ಸರಾಸರಿ ಉದ್ದವು ಸಡಿಲ ಸ್ಥಿತಿಯಲ್ಲಿ 9.16 ಸೆಂ.ಮೀ. ಮತ್ತು ಉದ್ರೇಕ ಸ್ಥಿತಿಯಲ್ಲಿ 13.12 ಸೆಂ.ಮೀ.; ಉದ್ರೇಕ ಸ್ಥಿತಿಯ ಸುತ್ತಳತೆ 11.66 ಸೆಂ.ಮೀ. ಪುರುಷರು ತಾವೇ ಅಳೆದು ತಿಳಿಸುವ ಅಂಕಿಗಳು ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚಿರುತ್ತವೆ. ಸರಾಸರಿಗಿಂತ 2.5 ಮಾನಕ ವಿಚಲನೆಗಳಿಗೂ ಹೆಚ್ಚು ಕಡಿಮೆಯಿರುವ ಉದ್ದವನ್ನು ಮಾತ್ರ 'ಸೂಕ್ಷ್ಮ ಶಿಶ್ನ' ಎಂದು ಗುರುತಿಸಲಾಗುತ್ತದೆ. ಇದು ವಿರಳ.

ದೇಹದ ಬಗೆಗಿನ ಕಲ್ಪನೆ

ಚಿಕಿತ್ಸೆ ಬಯಸುವ ಹೆಚ್ಚಿನವರ ಅಳತೆ ಸಹಜ ಮಿತಿಯಲ್ಲಿಯೇ ಇರುತ್ತದೆ. 2006ರ ಒಂದು ಸಮೀಕ್ಷೆಯಲ್ಲಿ ಶೇ. 85ರಷ್ಟು ಮಹಿಳೆಯರು ಸಂಗಾತಿಯ ಗಾತ್ರದ ಬಗ್ಗೆ ತೃಪ್ತಿ ಸೂಚಿಸಿದರೆ, ತಮ್ಮ ಗಾತ್ರದ ಬಗ್ಗೆ ತೃಪ್ತರಾಗಿದ್ದ ಪುರುಷರು ಶೇ. 55 ಮಾತ್ರ. ಅಶ್ಲೀಲ ಚಿತ್ರಗಳೊಡನೆ ಮಾಡಿಕೊಳ್ಳುವ ಹೋಲಿಕೆಯು ಈ ಆತಂಕವನ್ನು ಹೆಚ್ಚಿಸಬಹುದು. ಆತಂಕವು ದೈನಂದಿನ ಬದುಕಿಗೆ ಅಡ್ಡಿಯಾದಾಗ ಅದು ಮಾನಸಿಕ ಚಿಕಿತ್ಸೆಯ ವಿಷಯವಾಗುತ್ತದೆ.

ಹಿಗ್ಗಿಸುವ ವಿಧಾನಗಳು

ಮಾತ್ರೆ, ತೈಲ, ಲೇಪಗಳು ಗಾತ್ರವನ್ನು ಹೆಚ್ಚಿಸುತ್ತವೆ ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ನಿರ್ವಾತ ಸಾಧನದ ಪರಿಣಾಮವು ತಾತ್ಕಾಲಿಕ. ಎಳೆಯುವ ಸಾಧನಗಳನ್ನು ತಿಂಗಳುಗಟ್ಟಲೆ ಬಳಸಿದರೂ ಫಲಿತಾಂಶ ಅಲ್ಪ. ಅಸ್ಥಿರಜ್ಜುವನ್ನು ಕತ್ತರಿಸುವ ಅಥವಾ ಕೊಬ್ಬನ್ನು ಚುಚ್ಚುವ ಶಸ್ತ್ರಚಿಕಿತ್ಸೆಗಳಿಂದ ಗಾಯದ ಕಲೆ, ವಿಕಾರ ಮತ್ತು ಸೋಂಕು ಉಂಟಾಗಬಹುದು; ಇವುಗಳ ಸುರಕ್ಷತೆ ಸಾಬೀತಾಗಿಲ್ಲವೆಂಬುದು ಅಮೆರಿಕನ್ ಯುರಾಲಜಿಕಲ್ ಅಸೋಸಿಯೇಷನ್ನಿನ ನಿಲುವು. ಆದ್ದರಿಂದ ಮೊದಲು ಮೂತ್ರಾಂಗ ತಜ್ಞರಿಂದ ಪರೀಕ್ಷೆ ಹಾಗೂ ಆಪ್ತಸಮಾಲೋಚನೆಯನ್ನು ಸೂಚಿಸಲಾಗುತ್ತದೆ.